ನಾರ್ವೆ ಗುಡ್ಡದ ಆಂಟೆನಾ, ದಿನಕ್ಕೆ ಎರಡು ಕೊಡ ನೀರು

ಗುಲಾಮ್ ಹುಸೇನರು ಕೊಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹುಟ್ಟಿದರು. ವರ್ಷ ಸಾವಿರದ ಒಂಬೈನೂರ ಐವತ್ತೆರಡೋ ಐವತ್ಮೂರೋ ಎಂಬುದು ಅವರಿಗೆ ಖಚಿತವಿಲ್ಲ. ತಂದೆ ಸೀಮೆಎಣ್ಣೆ ಡಬ್ಬಗಳಿಗೂ ಲಾಟೀನುಗಳಿಗೂ ಬೆಸುಗೆ ಹಾಕುತ್ತಿದ್ದರು. ಮಗ ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿ, ಅದನ್ನು ಬಿಟ್ಟು, ತಂದೆಯ ಬೆಸುಗೆ ಕಡ್ಡಿ ಹಿಡಿದರು. ಕನ್ನಡ ಅಕ್ಷರಗಳನ್ನು ಕಲಿತದ್ದು ಬಸ್ಸುಗಳ ಬೋರ್ಡು ನೋಡಿ. ಹಾಗಾಗಿ ಊರಿನ ಹೆಸರುಗಳನ್ನು ಸರಾಗವಾಗಿ ಬರೆಯುತ್ತಿದ್ದರು. ಉಳಿದ ಯಾವ ಮಾತನ್ನು ಬರೆಯುವುದಿದ್ದರೂ ಪ್ರತಿಯೊಂದು ಒತ್ತಕ್ಷರಕ್ಕೂ ನಿಂತು ಯೋಚಿಸಬೇಕಾಗಿತ್ತು.

ಇಲ್ಲಿರುವುದು ಅವರು ಎರಡು ಸಾವಿರದ ಒಂಬತ್ತನೆಯ ಇಸವಿಯ ಚಳಿಗಾಲದಲ್ಲಿ ಹಲವು ಮಧ್ಯಾಹ್ನ ಕುಳಿತು ಹೇಳಿದ ಸಂಗತಿ. ಕೊಪ್ಪದ ಬಳಿಯ ನಾರ್ವೆ ಎಂಬ ಊರಿನ ಮೇಲಿನ ಗುಡ್ಡದಲ್ಲಿರುವ ಸೀತಕ್ಕ ಮತ್ತು ಅವರ ಮಗಳು ದಿವ್ಯ ಹೇಳಿದ್ದನ್ನೂ ಅದರ ಪಕ್ಕದಲ್ಲಿಟ್ಟು ನೋಡಲಾಗಿದೆ. ಮೂವರ ಹೇಳಿಕೆಗಳೂ ದಿನಾಂಕಗಳಲ್ಲಿ ಅಲ್ಲಲ್ಲಿ ಬೇರೆಯಾಗುತ್ತವೆ. ಮುಖ್ಯ ಘಟನೆಯಲ್ಲಿ ಮಾತ್ರ ಬೇರೆಯಾಗುವುದಿಲ್ಲ.

ಎಂಬತ್ತರ ದಶಕದಲ್ಲಿ ಟಿ.ವಿ. ಬಂದಾಗ ಹುಸೇನರು ಆಂಟೆನಾ ಕೂರಿಸಲು ಮನೆಗಳ ಮಾಡು ಹತ್ತುವ ಕೆಲಸಕ್ಕೆ ಇಳಿದರು. ಗುಡ್ಡಗಳ ನಡುವಿನ ಊರುಗಳಲ್ಲಿ ಚಿತ್ರ ಹಿಡಿಯಬೇಕಾದರೆ ಆಂಟೆನಾವನ್ನು ಆದಷ್ಟು ಮೇಲಕ್ಕೆ ಏರಿಸಬೇಕಿತ್ತು. ಹರಿಹರಪುರದಲ್ಲಿ, ಬೇಗಾರಿನಲ್ಲಿ, ನರಸಿಂಹರಾಜಪುರದ ಹಿನ್ನೀರಿನ ದಡದ ಮನೆಗಳಲ್ಲಿ ಅವರು ಹಂಚಿನ ಮಾಡಿನ ನೆತ್ತಿಯ ಮೇಲೆ ಬರಿಗಾಲಿನಲ್ಲಿ ನಿಂತು ಕಂಬ ತಿರುಗಿಸುತ್ತಿದ್ದರು. ಮನೆಯ ಮಂದಿಯೆಲ್ಲ ಒಳಗಿಂದ ಕೂಗುತ್ತಿದ್ದರು.

"ಬಂತಾ?"

"ಬಂತು! ಬಂತು ಸಾಬ್ರೆ! ಅಯ್ಯೋ, ಹೋಯ್ತು!"

"ಈಗ?"

"ಈಗ ಬರೀ ಇರುವೆ ಮಾರಾಯ್ರೆ. ಇರುವೆ ಮಧ್ಯ ಯಾರೋ ಒಬ್ರು ವಾರ್ತೆ ಓದ್ತಿದಾರೆ."

"ಗಂಡ್ಸಾ, ಹೆಂಗ್ಸಾ?"

"ಅದು ಗೊತ್ತಾಗಲ್ಲ. ಮೀಸೆ ಇದ್ದ ಹಾಗೆ ಕಾಣ್ತದೆ. ಅದೂ ಇರುವೆಯೇ ಇರ್ಬೋದು."

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಆ ಇಪ್ಪತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ಬೀಳಲಿಲ್ಲ. ಅದಕ್ಕೆ ಕಾರಣ ಅದೃಷ್ಟವಲ್ಲ, ಹಟ. ಕೆಳಗೆ ಹಗ್ಗ ಹಿಡಿಯುವ ಮನುಷ್ಯ ಇಲ್ಲದೆ ಅವರು ಏಣಿಗೆ ಕಾಲಿಡುತ್ತಿರಲಿಲ್ಲ. ಕರೆಂಟಿನ ತಂತಿ ಹತ್ತಿರ ಹಾದುಹೋಗಿದ್ದರೆ ಕಂಬದ ಉದ್ದವನ್ನು ನೆಲದ ಮೇಲೆ ಮಲಗಿಸಿ ಅಳೆದು, ಅದು ಬಿದ್ದರೂ ತಂತಿಗೆ ತಾಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಎತ್ತುತ್ತಿದ್ದರು. ಯುಗಾದಿ ಕಳೆದ ಮೇಲೆ, ಮಳೆಗಾಲ ಹಿಡಿಯುವವರೆಗೆ, ಮಧ್ಯಾಹ್ನ ಎರಡು ಗಂಟೆಯ ನಂತರ ಯಾರು ಕರೆದರೂ ಮಾಡು ಹತ್ತುತ್ತಿರಲಿಲ್ಲ. ಈ ಸೀಮೆಯಲ್ಲಿ ಸಿಡಿಲು ಹೆಚ್ಚು ಬಡಿಯುವುದು ದೊಡ್ಡ ಮಳೆಗಾಲದಲ್ಲಲ್ಲ. ಅದಕ್ಕೆ ಮುಂಚಿನ ಒಣ ತಿಂಗಳುಗಳ ಸಂಜೆಗಳಲ್ಲಿ. "ಸಾಬ್ರಿಗೆ ಪ್ರಾಣದ ಮೇಲೆ ಭಾರೀ ಆಸೆ" ಎಂದು ಜನ ನಗುತ್ತಿದ್ದರು. "ಹೌದು, ನಿಮ್ಮ ಟಿ.ವಿ.ಗಿಂತ ಸ್ವಲ್ಪ ಜಾಸ್ತಿ ಆಸೆ" ಎಂದು ಅವರೂ ನಗುತ್ತಿದ್ದರು.

ಎರಡು ಸಾವಿರದ ಐದನೆಯ ಇಸವಿಯ ಅಕ್ಟೋಬರಿನಲ್ಲಿ ಶಿವಮೊಗ್ಗದಿಂದ ಧರ್ಮೇಶ್ ಎಂಬ ಎಂಜಿನಿಯರ್ ಅವರನ್ನು ಹುಡುಕಿಕೊಂಡು ಬಂದರು. ಒಂದು ದೂರವಾಣಿ ಕಂಪನಿ ತಂತಿಯಿಲ್ಲದ ಫೋನುಗಳನ್ನು ಕೊಡಲು ಮೂರು ತಾಲ್ಲೂಕುಗಳಲ್ಲಿ ನಾಲ್ಕು ಕೇಂದ್ರಗಳನ್ನು ತೆರೆಯುತ್ತಿತ್ತು. ಅವುಗಳಲ್ಲೊಂದು ನಾರ್ವೆಯ ಮೇಲಿನ ಗುಡ್ಡದಲ್ಲಿ, ಸಹಕಾರ ಸಂಘ ಬಳಸದೆ ಬಿಟ್ಟಿದ್ದ ತಾರಸಿಯ ಗೋಡೌನಿನಲ್ಲಿ. ತಾರಸಿಯ ಮೇಲೆ ಫೋನಿನ ದೊಡ್ಡ ಕಂಬದ ಜೊತೆಗೆ, ಉಪಗ್ರಹಗಳ ಸಂಕೇತ ಹಿಡಿಯುವ ಒಂದು ಸಣ್ಣ ಆಂಟೆನಾವನ್ನೂ ಕೂರಿಸಬೇಕಾಗಿತ್ತು. ಹುಸೇನರು ಅದನ್ನು ಕೈಯಲ್ಲಿ ತೂಗಿ ನೋಡಿದರು. ಕವುಚಿ ಹಾಕಿದ ತೆಂಗಿನ ಚಿಪ್ಪಿನಷ್ಟಿತ್ತು.

"ಇದು ಎಂತ ಹಿಡೀತದೆ ಸಾರ್?"

"ಹಡಗು, ವಿಮಾನಕ್ಕೆಲ್ಲ ದಾರಿ ತೋರಿಸೋ ಉಪಗ್ರಹ ಇದಾವಲ್ಲ, ಅವುಗಳಿಂದ ಟೈಮ್ ತಗೊಳ್ತದೆ. ಎಲ್ಲಾ ಕೇಂದ್ರಕ್ಕೂ ಒಂದೇ ಟೈಮ್ ಇರ್ಬೇಕು. ಕ್ಷಣದ ಲಕ್ಷದಲ್ಲೊಂದು ಭಾಗ ತಪ್ಪಿದ್ರೂ ಫೋನ್ ಕಟ್."

"ಟೈಮ್ ಬೇಕಾದ್ರೆ ಬಸ್ ಸ್ಟ್ಯಾಂಡಲ್ಲಿ ಗಡಿಯಾರ ಇದೆ."

"ಅದು ನಿಂತು ಆರು ತಿಂಗಳಾಯ್ತು, ನಾನೂ ನೋಡಿದೆ" ಎಂದರು ಧರ್ಮೇಶ್. ಇಬ್ಬರಿಗೂ ಅಲ್ಲಿಂದ ಸ್ನೇಹವಾಯಿತು.

ನವೆಂಬರಿನಲ್ಲಿ ಮೂರು ದಿನ ಕೆಲಸ ನಡೆಯಿತು. ಆ ಮೂರು ದಿನಗಳ ವಿವರವನ್ನು ಹುಸೇನರು ಹೇಳುವಾಗ ಒಂದು ಕೀಲನ್ನೂ ಬಿಡುವುದಿಲ್ಲ. ಆಂಟೆನಾಕ್ಕೆ ನಾಲ್ಕೂ ಕಡೆ ಆಕಾಶ ತೆರೆದಿರಬೇಕು, ಆದರೆ ಅದು ತಾರಸಿಯಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತುವಾಗಿರಬಾರದು. ದೊಡ್ಡ ಕಂಬದ ತುದಿಯಲ್ಲಿರುವ, ಸಿಡಿಲು ಹಿಡಿಯುವ ತಾಮ್ರದ ಕಡ್ಡಿಯ ಕೆಳಗೆ, ಅದರ ಕೊಡೆಯೊಳಗೆ ಇದ್ದಂತೆ ನಿಲ್ಲಬೇಕು. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಒಂದು ಸುತ್ತು ಕೆಳಗೆ ಬಾಗಿರಬೇಕು. ಇಲ್ಲದಿದ್ದರೆ ಮಳೆನೀರು ಅದರ ಜಾಡು ಹಿಡಿದು ಯಂತ್ರದೊಳಕ್ಕೇ ಇಳಿಯುತ್ತದೆ. ಕೇಬಲಿನ ಮೇಲ್ಕವಚವನ್ನು ತಾರಸಿಯಲ್ಲೊಮ್ಮೆ, ಗೋಡೆಯ ಬಳಿ ಇನ್ನೊಮ್ಮೆ ತಾಮ್ರದ ಪಟ್ಟಿಗೆ ಬಿಗಿಯಬೇಕು. ಆ ಪಟ್ಟಿ ಗೋಡೆಯ ಗುಂಟ ಇಳಿದು ಸಿಡಿಲನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಗುಂಡಿ ಸೇರಬೇಕು. ಮೇಲೆ ಎಷ್ಟು ಜಾಣತನ ಮಾಡಿದರೂ ಕೊನೆಗೆ ಎಲ್ಲವೂ ನಿಂತಿರುವುದು ಆ ಗುಂಡಿಯ ಮೇಲೆ.

ಗುಡ್ಡದ ನೆಲ ಪೂರಾ ಜಂಬಿಟ್ಟಿಗೆ ಕಲ್ಲು. ಎಂಟಡಿ ಅಗೆಯಲು ಒಂದೂವರೆ ದಿನ ಹಿಡಿಯಿತು. ಕಬ್ಬಿಣದ ಕೊಳವೆ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ನೆಲ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಅಳೆಯುವ ಮೀಟರ್ ಇಟ್ಟರು. ಐದು ಓಮ್‌ಗಿಂತ ಕಡಿಮೆ ಬರಬೇಕಾದಲ್ಲಿ ಹದಿನೆಂಟು ಬಂತು. ಹುಸೇನರು ಎರಡನೆಯ ಗುಂಡಿ ತೋಡಿಸಿ, ಎರಡನ್ನೂ ಜೋಡಿಸಿ, ಎಂಟು ಕೊಡ ನೀರು ಹೊಯ್ಸಿದರು. ಮುಳ್ಳು ಮೂರೂವರೆಗೆ ಇಳಿಯಿತು. ಧರ್ಮೇಶ್ ಕಾಗದದಲ್ಲಿ ಬರೆದರು: ಮಳೆಯಿಲ್ಲದ ತಿಂಗಳುಗಳಲ್ಲಿ ದಿನಕ್ಕೆ ಎರಡು ಕೊಡ ನೀರು ಕಡ್ಡಾಯ. ಹುಸೇನರು ಅದರ ಕೆಳಗೆ ಸಹಿ ಹಾಕಿದರು.

ಕೇಂದ್ರವನ್ನು ನೋಡಿಕೊಳ್ಳಲು ಕಂಪನಿ ನೇಮಿಸಿದ್ದು ದಿವ್ಯಳನ್ನು. ಗುಡ್ಡದ ಮೇಲಿದ್ದ ಐದು ಮನೆಗಳಲ್ಲಿ ಪಿ.ಯು.ಸಿ. ಮುಗಿಸಿದ್ದವಳು ಆಕೆ ಒಬ್ಬಳೇ. ತಾಯಿ ಸೀತಕ್ಕ ಕೆಳಗಿನ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ಬ್ಯಾಟರಿಯ ಅಳತೆ ಬರೆಯುವುದು, ಕರೆಂಟು ಹೋದರೆ ಜನರೇಟರ್ ಹಾಕುವುದು, ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯುವುದು, ಇವಿಷ್ಟು ಆಕೆಯ ಕೆಲಸ. ರಿಜಿಸ್ಟರಿನಲ್ಲಿ ನೀರಿಗೆಂದೇ ಒಂದು ಕಾಲಂ ಇತ್ತು.

"ನೆಲಕ್ಕೆ ಯಾಕೆ ನೀರು ಸಾಬ್ರೆ? ಗಿಡ ಇಲ್ಲ, ಬಳ್ಳಿ ಇಲ್ಲ" ಎಂದು ದಿವ್ಯ ಕೇಳಿದ್ದಳು.

"ಸಿಡಿಲು ಬಂದ್ರೆ ಇಳಿದು ಹೋಗೋಕೆ ಒಂದು ದಾರಿ ಬೇಕು ಮಗಳೇ. ನೆಲ ಒದ್ದೆ ಇದ್ರೆ ಅಲ್ಲಿಗೆ ಹೋಗ್ತದೆ. ಒಣಗಿದ್ರೆ ಅದಕ್ಕೆ ದಾರಿ ಸಿಗಲ್ಲ. ಆಗ ಕೇಬಲ್ ಹಿಡ್ಕೊಂಡು ನೀನು ಕೂತಿರೋ ರೂಮಿಗೇ ಬರ್ತದೆ."

ಆಕೆ ಅದನ್ನು ಮರೆಯಲಿಲ್ಲ. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಒಂದು ದಿನವೂ ಬಿಡದೆ ಹೊಯ್ದಳು. ಆ ವರ್ಷ ಮುಂಗಾರು ಪೂರ್ವದ ಮಳೆ ಬೇಗ ಬಂದದ್ದರಿಂದ ಯಾರಿಗೂ ಕಷ್ಟವಾಗಲಿಲ್ಲ.

ಮಲೆನಾಡಿನಲ್ಲಿ ನೀರಿನ ಬರವೆಂದರೆ ಹೊರಗಿನವರು ನಂಬುವುದಿಲ್ಲ. ಆದರೆ ಗುಡ್ಡದ ನೆತ್ತಿಯ ಮನೆಗಳಿಗೆ ಅದು ಪ್ರತಿವರ್ಷದ ಮಾತು. ಅಲ್ಲಿ ಬಿದ್ದ ಮಳೆಯೆಲ್ಲ ಕೆಳಗಿನವರ ಪಾಲಾಗಿ ಇಳಿದುಹೋಗುತ್ತದೆ. ಎರಡು ಸಾವಿರದ ಏಳರಲ್ಲಿ, ಹಿಂದಿನ ವರ್ಷದ ದೀಪಾವಳಿಯಿಂದೀಚೆಗೆ ಹನಿ ಬಿದ್ದಿರಲಿಲ್ಲ. ಮಾರ್ಚ್ ಹೊತ್ತಿಗೆ, ಇಳಿಜಾರಿನಲ್ಲಿ ಇಪ್ಪತ್ತು ನಿಮಿಷ ಇಳಿದರೆ ಸಿಗುತ್ತಿದ್ದ ಒರತೆಯೊಂದೇ ಐದು ಮನೆಗಳಿಗೂ ಗತಿಯಾಯಿತು. ಒಂದು ಕೊಡ ತುಂಬಲು ಅರ್ಧ ಗಂಟೆ ಕಾಯಬೇಕಿತ್ತು. ಸರದಿಯ ಪ್ರಕಾರ ಮನೆಗೆ ದಿನಕ್ಕೆ ನಾಲ್ಕು ಕೊಡ ಎಂದು ತಮ್ಮತಮ್ಮಲ್ಲೇ ನಿಶ್ಚಯಿಸಿಕೊಂಡರು. ಸೀತಕ್ಕನ ಮನೆಯ ನಾಲ್ಕರಲ್ಲಿ ಎರಡು ಗುಂಡಿಗೆ ಹೋಗುತ್ತಿತ್ತು.

ನೆರೆಮನೆಯ ಹೆಂಗಸರು ಒರತೆಯ ಬಳಿ ಆಡಿಕೊಂಡರು. "ಅವ್ರ ಮನೇಲಿ ನೀರು ಜಾಸ್ತಿ ಆಗಿದೆ, ನೆಲಕ್ಕೆ ಕುಡಿಸ್ತಾರೆ." ಸೀತಕ್ಕ ಮನೆಗೆ ಬಂದು ಮಗಳ ಮೇಲೆ ಹರಿಹಾಯ್ದರು.

"ಅನ್ನಕ್ಕೆ ಎಸರಿಡೋಕೆ ನೀರಿಲ್ಲ. ನೀನು ಅಲ್ಲಿ ಗುಂಡಿಗೆ ಅಭಿಷೇಕ ಮಾಡ್ತಿದೀಯ. ನನ್ನ ಸೊಂಟ ನೋಡಿದೀಯಾ?"

"ಅದು ನನ್ನ ಕೆಲ್ಸ ಅಮ್ಮ."

"ಕೆಲ್ಸ ಅಂತೆ! ನಾನು ಹೊತ್ತು ತರೋದು, ನೀನು ಚೆಲ್ಲೋದು. ನಾಳೆಯಿಂದ ಒಂದು ಬಿಂದಿಗೆ ಅಲ್ಲಿಗೆ ಹೋದ್ರೆ ನಾನು ಒರತೆಗೆ ಇಳಿಯೋದಿಲ್ಲ, ನೋಡ್ಕೋ."

ಆದರೂ ದಿವ್ಯ ಹೊಯ್ಯುವುದನ್ನು ಬಿಡಲಿಲ್ಲ. ತಾಯಿ ತೋಟಕ್ಕೆ ಹೋದ ಮೇಲೆ ತಾನೇ ಒರತೆಗೆ ಇಳಿದು, ಮನೆಯ ಪಾಲಿನಲ್ಲಿ ತಾಯಿ ತುಂಬದೆ ಬಿಟ್ಟ ಎರಡು ಕೊಡ ತರುತ್ತಿದ್ದಳು. ಇದು ಸೀತಕ್ಕನಿಗೆ ಆಗ ತಿಳಿದಿರಲಿಲ್ಲ. ಮಗಳು ಹೇಳಿದ ಮೇಲೂ ಬಹುಕಾಲ ನಂಬಲಿಲ್ಲ.

ಮಾರ್ಚ್ ಮೂರನೆಯ ವಾರ ಹುಸೇನರು ಕೇಬಲಿನ ಕೀಲುಗಳನ್ನು ಪರೀಕ್ಷಿಸಲು ಗುಡ್ಡಕ್ಕೆ ಬಂದರು. ದಾರಿಯಲ್ಲಿ, ತುಂಬಿದ ಕೊಡ ಹೊತ್ತು ಏರುತ್ತಿದ್ದ ದಿವ್ಯಳನ್ನು ಕಂಡರು. ಆಕೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ತಾರಸಿಯ ಮೇಲೆ ಅವರು ಕೀಲು ಬಿಗಿಯುವಾಗ ಆಕೆ ಏಣಿಯ ಬುಡ ಹಿಡಿದು ನಿಂತು ಕೇಳಿದಳು.

"ಸಾಬ್ರೆ, ನೀರು ಸ್ವಲ್ಪ ದಿನ ಬಿಟ್ರೆ ಎಂತ ಆಗ್ತದೆ?"

ಹುಸೇನರು ಕೆಳಗಿಳಿದು ಮೀಟರ್ ಇಟ್ಟು ನೋಡಿದರು. ನಾಲ್ಕೂ ಮುಕ್ಕಾಲು ತೋರಿಸಿತು. ಪಂಚಾಂಗದಲ್ಲಿ ರೇವತಿ ಮಳೆ ಹತ್ತು ದಿನದಲ್ಲಿ ಹುಟ್ಟುವುದಿತ್ತು. ಆ ಮಳೆಯ ಮೊದಲ ಹದ ಬಿದ್ದರೆ ಗುಂಡಿ ತಾನಾಗಿ ನೆನೆಯುತ್ತದೆ ಎಂದು ಅವರು ಲೆಕ್ಕ ಹಾಕಿದರು. ವರ್ಷಕ್ಕೆ ಆರು ತಿಂಗಳು ನೀರಿನಲ್ಲೇ ನಿಂತಿರುವ ನೆಲಕ್ಕೆ ಹದಿನೈದು ದಿನ ನೀರಿಲ್ಲದಿದ್ದರೆ ಏನಾದೀತು ಎಂದು ತನಗೂ ಅನ್ನಿಸಿತು ಎಂದು ಅವರು ಒಪ್ಪಿಕೊಳ್ಳುತ್ತಾರೆ. ಜೀವಮಾನವಿಡೀ ತಾರಸಿಯ ಮೇಲೆ ಯಾವುದನ್ನೂ ಊಹೆಗೆ ಬಿಡದಿದ್ದ ಮನುಷ್ಯ ಅಂದು ಮಳೆಯನ್ನು ನಂಬಿದರು.

"ಹದಿನೈದು ದಿನ ಬಿಡು ಮಗಳೇ. ರೇವತಿ ಬರ್ತದೆ. ಅಲ್ಲಿವರೆಗೆ ಗುಡುಗು ಕೇಳಿದ ಕೂಡ್ಲೆ ಬಾಗ್ಲು ಹಾಕಿ ಮನೆಗೆ ಹೋಗ್ಬಿಡು."

"ರಿಜಿಸ್ಟರಲ್ಲಿ ಎಂತ ಬರಿಯೋದು?"

"ಟಿಕ್ ಹಾಕು. ಯಾರು ನೋಡ್ತಾರೆ?"

"ಹೊಯ್ಯದೆ ಹೊಯ್ದೆ ಅಂತ ಬರಿಯೋಕೆ ಆಗ್ತದಾ?" ಎಂದು ನಕ್ಕ ದಿವ್ಯ ಅಂದಿನಿಂದ ಆ ಕಾಲಮಿನಲ್ಲಿ ಒಂದೊಂದು ಅಡ್ಡಗೆರೆ ಎಳೆಯತೊಡಗಿದಳು. ಆ ಎರಡು ಕೊಡ ನೀರು ಮನೆಗೆ ಬರತೊಡಗಿತು.

ರೇವತಿ ಒಣಗಿಯೇ ಹೋಯಿತು. ಹದಿನೈದು ದಿನ ಕಳೆದ ಮೇಲೆ ಹುಸೇನರಿಗೆ ನೆನಪಾಗಲಿಲ್ಲವೆಂದಲ್ಲ. ಆಗ ಶೃಂಗೇರಿಯ ಕೇಂದ್ರದಲ್ಲಿ ಕೆಲಸವಿತ್ತು. ಗುಡ್ಡಕ್ಕೆ ಒಂದು ಫೋನ್ ಮಾಡಿದರೆ ಮುಗಿಯುತ್ತಿತ್ತು. ನಾಳೆ ಮಾಡೋಣ ಎಂದುಕೊಂಡರು. ಹೀಗೆ ಏಳು ನಾಳೆಗಳು ಹೋದವು ಎಂದು ಅವರು ಬೆರಳು ಮಡಚಿ ಎಣಿಸುತ್ತಾರೆ.

ಏಪ್ರಿಲ್ ಹತ್ತರ ಸಂಜೆ ನಾಲ್ಕು ಗಂಟೆಯ ಸುಮಾರಿಗೆ (ಸೀತಕ್ಕನ ಪ್ರಕಾರ ಹನ್ನೊಂದರಂದು) ಪಡುವಣದಲ್ಲಿ ಮೋಡ ಕಟ್ಟಿತು. ಮೊದಲ ಗುಡುಗು ದೂರದಲ್ಲಿತ್ತು. ದಿವ್ಯ ಬಾಗಿಲು ಹಾಕಲು ಎದ್ದಳು. ಅದೇ ಹೊತ್ತಿಗೆ ಕರೆಂಟು ಹೋಯಿತು. ಬ್ಯಾಟರಿ ಹಳೆಯದು, ಜನರೇಟರ್ ಹಾಕದಿದ್ದರೆ ಕೇಂದ್ರ ನಿಂತು, ಎಂಬತ್ತು ಮನೆಗಳ ಫೋನು ಸತ್ತುಹೋಗುತ್ತಿತ್ತು. ಆಕೆ ಜನರೇಟರ್ ಚಾಲೂ ಮಾಡಿ, ಒಳಗೆ ಬಂದು, ಯಂತ್ರಗಳಿದ್ದ ಕಬ್ಬಿಣದ ಕಪಾಟಿನ ಮೇಲೆ ಎಡಗೈ ಊರಿ, ಬಲಗೈಯಲ್ಲಿ ಸ್ವಿಚ್ಚು ತಿರುಗಿಸಿದಳು. ಅದಾದ ಮೇಲೆ ನಡೆದದ್ದು ಆಕೆಗೆ ನೆನಪಿಲ್ಲ. ತಾನು ಕೇಳಿದ ಕೊನೆಯ ಸದ್ದು ಜನರೇಟರಿನದು ಎಂದು ಆಕೆ ಹೇಳುತ್ತಾಳೆ.

ಸೀತಕ್ಕ ತೋಟದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಬಂಡೆ ಸೀಳಿದಂತೆ ಸದ್ದಾಯಿತು. ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಓಡಿ ಬಂದಾಗ ಮಗಳು ಹೊಸ್ತಿಲ ಬಳಿ ಬಿದ್ದಿದ್ದಳು. ಎರಡೂ ಕಿವಿಗಳಿಂದ ರಕ್ತ ಇಳಿಯುತ್ತಿತ್ತು, ಬಲಗೈಯ ಬೆರಳುಗಳು ಕಪ್ಪಾಗಿದ್ದವು. ಕೆಳಗಿನ ತೋಟದವರ ಜೀಪಿನಲ್ಲಿ ಕೊಪ್ಪಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ ಒಯ್ದರು. ಜೀವ ಉಳಿಯಿತು. ಕೈಯೂ ಬಹುಪಾಲು ಸರಿಯಾಯಿತು. ಕಿವಿಯ ನರಗಳು ಮಾತ್ರ ಸತ್ತಿದ್ದವು; ಯಾವ ಯಂತ್ರ ಹಾಕಿದರೂ ಇನ್ನು ಕೇಳುವುದಿಲ್ಲ ಎಂದು ವೈದ್ಯರು ಚೀಟಿಯಲ್ಲಿ ಬರೆದು ಆಕೆಗೇ ತೋರಿಸಿದರು. ಆಗ ಆಕೆಗೆ ಇಪ್ಪತ್ತೆರಡು ವರ್ಷ.

ಮರುದಿನ ಬೆಳಿಗ್ಗೆ ಹುಸೇನರು ತಾರಸಿ ಹತ್ತಿದರು. ಸಣ್ಣ ಆಂಟೆನಾದ ಕೇಬಲ್ ಉದ್ದಕ್ಕೂ ಸುಟ್ಟಿತ್ತು. ತಾಮ್ರದ ಪಟ್ಟಿಗೆ ಏನೂ ಆಗಿರಲಿಲ್ಲ. ಗುಂಡಿಗೆ ಮೀಟರ್ ಇಟ್ಟಾಗ ಮುಳ್ಳು ಎಪ್ಪತ್ತೆಂಟರಲ್ಲಿ ನಿಂತಿತು. ಆ ಸಂಖ್ಯೆಯನ್ನು ಅವರು ಆಗ ಯಾರಿಗೂ ಹೇಳಲಿಲ್ಲ.

ವಾರದ ನಂತರ ವಿಚಾರಣೆ ನಡೆಯಿತು. ಧರ್ಮೇಶ್ ಮತ್ತು ಬೆಂಗಳೂರಿನಿಂದ ಬಂದ ಹಿರಿಯ ಅಧಿಕಾರಿಯೊಬ್ಬರು ಗೋಡೌನಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ದಿವ್ಯ ಇನ್ನೂ ಆಸ್ಪತ್ರೆಯಲ್ಲಿದ್ದಳು. ಬಟ್ಟೆ ಒಯ್ಯಲು ಊರಿಗೆ ಬಂದಿದ್ದ ಸೀತಕ್ಕ ಕಂಬಕ್ಕೆ ಒರಗಿ ನಿಂತಿದ್ದರು. ಅಧಿಕಾರಿ ರಿಜಿಸ್ಟರ್ ತಿರುವಿದರು.

"ಮಾರ್ಚ್ ಹತ್ತೊಂಬತ್ತರಿಂದ ಬರೀ ಗೆರೆ. ಇಪ್ಪತ್ತೆರಡು ದಿನ ನೀರೇ ಹಾಕಿಲ್ಲ. ಹುಸೇನ್ ಅವರೇ, ನೀರು ಕಡ್ಡಾಯ ಅಂತ ಆ ಹುಡುಗಿಗೆ ಹೇಳಿದ್ರಾ?"

"ಹೇಳಿದ್ದೆ ಸಾರ್."

"ನಿಲ್ಲಿಸು ಅಂತ ಯಾರಾದ್ರೂ ಹೇಳಿದ್ರಾ?"

ಹುಸೇನರು ಬಾಯಿ ತೆರೆದರು. ಹೌದು ಎಂದಿದ್ದರೆ ನಾಲ್ಕು ಕೇಂದ್ರಗಳ ಕೆಲಸವೂ ಅಂದೇ ಹೋಗುತ್ತಿತ್ತು. ಆ ಕ್ಷಣ ಅವರ ಮನಸ್ಸಿನಲ್ಲಿದ್ದದ್ದು ಅದಲ್ಲ. ಇಪ್ಪತ್ತು ವರ್ಷ ತಪ್ಪಿಲ್ಲದೆ ಮಾಡು ಹತ್ತಿದವನು ಎಂದು ಮೂರು ತಾಲ್ಲೂಕುಗಳಲ್ಲಿ ಇದ್ದ ಹೆಸರು. ಅವರು ಹೇಳಬೇಕಾದ ಮಾತನ್ನು ಹುಡುಕುತ್ತಿರುವಾಗಲೇ ಕಂಬದ ಬಳಿಯಿಂದ ಸೀತಕ್ಕ ಹೇಳಿದರು:

"ನಾನೇ ಅಂದಿದ್ದು ಸಾರ್. ನೀರಿಲ್ಲ, ಹೊಯ್ಬೇಡ ಅಂತ ನಾನೇ ಬೈದಿದ್ದು."

ಅಧಿಕಾರಿ ಬರೆದುಕೊಂಡರು. ಹುಸೇನರು ತೆರೆದ ಬಾಯಿ ಮುಚ್ಚಿದರು. ಅದನ್ನು ಹೇಳುವಾಗ ಈಗಲೂ ಅವರು ಅಂಗೈಯಿಂದ ಬಾಯಿ ಒರೆಸಿಕೊಳ್ಳುತ್ತಾರೆ.

ಅಪಘಾತಕ್ಕೆ ನೌಕರಳ ನಿರ್ಲಕ್ಷ್ಯವೇ ಕಾರಣ ಎಂದು ವರದಿಯಾಯಿತು. ದಿವ್ಯಳ ಹೆಸರನ್ನು ಕೆಲಸದಿಂದ ತೆಗೆದರು. ಮೇ ತಿಂಗಳಲ್ಲಿ ಕಂಪನಿ ಪಿಕಪ್ಪಿನಲ್ಲಿ ಒಂದು ಪ್ಲಾಸ್ಟಿಕ್ ಟ್ಯಾಂಕು ತಂದಿಟ್ಟು, ಅದರಿಂದ ಗುಂಡಿಗೆ ತೊಟ್ಟಿಕ್ಕುವಂತೆ ಸಣ್ಣ ಪೈಪು ಎಳೆಯಿತು. ಪೈಪು ಜೋಡಿಸಿದವರು ಹುಸೇನರೇ. ಸೀತಕ್ಕ ದೂರದಿಂದ ನೋಡಿ, "ಇದನ್ನ ಮೊದ್ಲೇ ತರ್ಬೋದಿತ್ತಲ್ಲ ಸಾಬ್ರೆ" ಎಂದರು. ಅದರಲ್ಲಿ ದೂರು ಇರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು.

ಮುಂದಿನ ಎಂಟು ತಿಂಗಳು ಹುಸೇನರು ಕೆಲಸ ಮಾಡಿದರು. ನರಸಿಂಹರಾಜಪುರದ ಕೇಂದ್ರಕ್ಕೆ ಹೋದರೆ ಮಳೆಗಾಲದಲ್ಲೂ ಗುಂಡಿಗೆ ನೀರು ಹೊಯ್ಯುತ್ತಿದ್ದರು. ಅಲ್ಲಿನ ಕಾವಲುಗಾರ ಇವರಿಗೆ ತಲೆ ಕೆಟ್ಟಿದೆ ಎಂದು ಹೇಳಿದ. ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಹೆಂಡತಿ ಬೀಬಿ ಜಾನ್ ವಾರಗಟ್ಟಲೆ ಕೇಳಿ ಕೇಳಿ ವಿಷಯ ಹೊರಡಿಸಿದರು. ಎಲ್ಲ ಕೇಳಿದ ಮೇಲೆ ಅವರು ಅಂದದ್ದು ಒಂದೇ ಮಾತು: "ಆ ತಾಯಿ ನಿಮ್ಮ ಹೊರೆ ಹೊತ್ಕೊಂಡಿದಾಳೆ. ನೀವು ನೋಡ್ತಾ ನಿಂತಿದೀರಿ."

ಎರಡು ಸಾವಿರದ ಎಂಟರ ಜನವರಿಯಲ್ಲಿ ಹುಸೇನರು ಗುಡ್ಡ ಹತ್ತಿದರು. ಸೀತಕ್ಕ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದರು. ಹುಸೇನರು ನಿಂತಲ್ಲೇ ಹೇಳಿದರು.

"ಸೀತಕ್ಕ, ನೀರು ನಿಲ್ಲಿಸು ಅಂತ ಕೂಸಿಗೆ ಹೇಳಿದ್ದು ನೀವಲ್ಲ. ನಾನು. ತಾರಸಿ ಹತ್ರ, ಏಣಿ ಬುಡದಲ್ಲಿ. ನಿಮ್ಮ ಮಾತು ಕೇಳಿ ಅವ್ಳು ನಿಲ್ಲಿಸಿರ್ಲಿಲ್ಲ."

ಸೀತಕ್ಕ ಕೊಡಲಿ ಕೆಳಗಿಟ್ಟರು.

"ನೀವು ಒಳ್ಳೆಯವ್ರು ಸಾಬ್ರೆ. ನನ್ನ ಸಮಾಧಾನಕ್ಕೆ ಅಂತ ಇಷ್ಟು ದೂರ ಬಂದು ಹಿಂಗೆ ಹೇಳ್ತೀರಿ."

"ಸಮಾಧಾನಕ್ಕಲ್ಲ. ಅಲ್ಲಾನ ಆಣೆ, ನಿಜ."

"ದಿವ್ಯಾನೂ ಹಿಂಗೇ ಹೇಳ್ತಾಳೆ. ಇಬ್ರೂ ಸೇರಿ ನನ್ನ ಮೇಲಿಂದ ತೆಗೀಬೇಕು ಅಂತ ಮಾಡಿದೀರಿ. ಬಿಡಿ ಮಾರಾಯ್ರೆ. ನಂಗೆ ಗೊತ್ತಿಲ್ವಾ ನಾನು ಎಂತ ಬಾಯಿ ಮಾಡಿದ್ದೆ ಅಂತ?"

ದಿವ್ಯ ಒಳಗಿಂದ ಬಂದಳು. ಹುಸೇನರು ಜೇಬಿನಿಂದ ಚೀಟಿ ತೆಗೆದು, ಗೋಡೆಗೆ ಒತ್ತಿ ಹಿಡಿದು ಬರೆದರು. ಒಂದು ಸಾಲಿಗೆ ತುಂಬ ಹೊತ್ತು ಹಿಡಿಯಿತು. ನೀರು ನಿಲ್ಲಿಸು ಅಂದವನು ನಾನು. ಸುಮ್ಮನಿದ್ದವನೂ ನಾನು. ಆಕೆ ಓದಿದಳು. ತನ್ನ ದನಿ ತನಗೆ ಕೇಳದ್ದರಿಂದ ಆಕೆ ಈಗ ಗಟ್ಟಿಯಾಗಿ, ಏರಿಳಿತವಿಲ್ಲದೆ ಮಾತಾಡುತ್ತಾಳೆ.

"ಗೊತ್ತು ಸಾಬ್ರೆ. ನನ್ನನ್ನ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಇದನ್ನ ಇಲ್ಲಿ ಬರೆದ್ರೆ ಎಂತ ಬಂತು? ಕಂಪನಿಗೆ ಬರೀರಿ. ನಾನು ಸೋಮಾರಿ ಅಂತ ಅಲ್ಲಿ ಬರ್ಕೊಂಡಿದಾರೆ. ಅದನ್ನ ಅಳಿಸ್ಲಿ. ಅಮ್ಮಂಗೂ ಕಾಗದದಲ್ಲಿ ಬಂದ್ರೆ ನಂಬಿಕೆ ಬರ್ತದೇನೋ."

ಹುಸೇನರು ನಾಲ್ಕು ದಿನ ಕುಳಿತು, ಕಾರ್ಬನ್ ಕಾಗದ ಇಟ್ಟು, ಒಂದೂವರೆ ಪುಟದ ಪತ್ರ ಬರೆದರು. ಅದನ್ನು ಮೊದಲು ಧರ್ಮೇಶರಿಗೆ ತೋರಿಸಿದರು. ಅವರು ಎರಡು ಸಲ ಓದಿ ಮಡಚಿ ವಾಪಸು ಕೊಟ್ಟರು.

"ಇದನ್ನ ಕಳಿಸಿದ್ರೆ ನಿಮ್ಮ ಕೆಲಸ ಹೋಗ್ತದೆ. ಅವಳದ್ದು ವಾಪಸ್ ಬರಲ್ಲ. ಆ ಕೆಲಸವೇ ಈಗ ಇಲ್ಲ ಹುಸೇನ್ ಅವರೇ."

"ಅವ್ಳ ಹೆಸ್ರು ಸಾರ್?"

"ಯಾವ ಹೆಸ್ರು? ಫೈಲ್ ಕಟ್ಟಿಟ್ಟು ಆರು ತಿಂಗ್ಳಾಯ್ತು. ಅದನ್ನ ಬಿಚ್ಚೋದಿಲ್ಲ ಯಾರೂ." ಧರ್ಮೇಶ್ ಮತ್ತೆ ಹೇಳಿದರು: "ಅವತ್ತು ಜಗಲೀಲಿ ಹೇಳಿದ್ರೆ ನಾನೇ ಬರೀತಿದ್ದೆ."

ಹುಸೇನರು ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ತಲುಪಿದ್ದಕ್ಕೆ ಸಹಿಯಾದ ಕಾರ್ಡು ಬಂತು. ಉತ್ತರ ಬರಲಿಲ್ಲ. ಏಪ್ರಿಲ್‌ನಿಂದ ನಾಲ್ಕೂ ಕೇಂದ್ರಗಳ ಕೆಲಸಕ್ಕೆ ಬೇರೆಯವರು ಬಂದರು. ಹುಸೇನರು ಮತ್ತೆ ಯಾರ ಮಾಡನ್ನೂ ಹತ್ತಲಿಲ್ಲ. ಹತ್ತಲು ಕರೆದವರಿದ್ದರು, ಇವರು ಹೋಗಲಿಲ್ಲ.

ಆ ಮಳೆಗಾಲಕ್ಕೆ ಮುಂಚೆ ಅವರು ಪತ್ರದ ಪ್ರತಿಯನ್ನು ತೆಗೆದುಕೊಂಡು ಗುಡ್ಡಕ್ಕೆ ಹೋದರು. ತಾಯಿ ಮಗಳು ಇಬ್ಬರೂ ಮನೆಯಲ್ಲಿದ್ದರು. ದಿವ್ಯ ಜಗಲಿಯ ಅಂಚಿನಲ್ಲಿ ಕುಳಿತು ಪತ್ರವನ್ನು ತಾಯಿಗೆ ಓದಿ ಹೇಳತೊಡಗಿದಳು. ಆ ದನಿ ಪಕ್ಕದ ನಾಲ್ಕು ಮನೆಗಳಿಗೂ ಕೇಳುತ್ತಿತ್ತು. ದಿನಾಂಕ, ಮೀಟರಿನ ಸಂಖ್ಯೆ, ಏಣಿಯ ಬುಡದಲ್ಲಿ ಆಡಿದ ಮಾತು, ಜಗಲಿಯಲ್ಲಿ ಆಡದ ಮಾತು, ಎಲ್ಲವೂ ಅದರಲ್ಲಿತ್ತು. ಸೀತಕ್ಕ ಮೊಣಕಾಲು ಕಟ್ಟಿಕೊಂಡು ಕೇಳಿದರು. ಮೊದಲ ಬಾರಿಗೆ ಅವರು ನಂಬುತ್ತಿದ್ದಾರೆ ಎಂದು ಹುಸೇನರಿಗೆ ಕಂಡಿತು. ಸೀತಕ್ಕನ ಮುಖದಲ್ಲಿ ಏನೋ ಸಡಿಲಾಗುವುದನ್ನು ಅವರು ಕಾಯುತ್ತಿದ್ದರು.

ಓದಿ ಮುಗಿಯಿತು. ಸೀತಕ್ಕ ಅಂಗಳವನ್ನೇ ನೋಡುತ್ತ ಹೇಳಿದರು:

"ಹಂಗಾದ್ರೆ ನೀವೇ ಅಂದಿದ್ದು. ಸರಿ ಸಾಬ್ರೆ. ಯಾರು ಅಂದ್ರೆ ಎಂತ? ಆ ಇಪ್ಪತ್ತೆರಡು ದಿನದ ನೀರು ಕುಡಿದವ್ಳು ನಾನು. ಅದ್ರಲ್ಲಿ ಅನ್ನ ಮಾಡಿ ಉಂಡಿದೀನಿ. ತಲೆ ಮೇಲೆ ಹೊಯ್ಕೊಂಡಿದೀನಿ. ಅದನ್ನ ಯಾವ ಕಾಗ್ದದಲ್ಲಿ ಬರೆದು ತೆಗೀತೀರಿ?"

ತಾಯಿಯ ತುಟಿ ಅಲುಗಿದ್ದನ್ನು ದಿವ್ಯ ನೋಡಿದ್ದಳು; ಮಾತು ಏನೆಂದು ತಿಳಿದಿರಲಿಲ್ಲ. ಆಕೆ ಪತ್ರವನ್ನು ತಿರುಗಿಸಿ, ಅದರ ಹಿಂಬದಿಯ ಖಾಲಿ ಜಾಗ ತೋರಿಸಿ, ಪೆನ್ನು ಚಾಚಿದಳು.

"ಅಮ್ಮ ಎಂತ ಅಂದ್ಲು? ನಂಬಿದ್ಲಾ? ಬರೀರಿ."

ಸೀತಕ್ಕ ಎದ್ದು ಒಳಗೆ ಹೋದರು. ಹುಸೇನರು ಪೆನ್ನು ತೆಗೆದುಕೊಂಡರು. ಆಮೇಲೆ, ಪ್ರತಿ ಅಕ್ಷರಕ್ಕೂ ನಿಲ್ಲುತ್ತ, ನಂಬಿದರು ಎಂದು ಮಾತ್ರ ಬರೆದು ಆಕೆಯ ಕೈಗೆ ಕೊಟ್ಟರು.